ಹತ್ತಲು ಉಸಿರು, ಇಳಿಯಲು ತೊಡೆ: ಅರವತ್ತರ ಹೊಸ್ತಿಲಲ್ಲಿ ಗಡ ಹತ್ತುವವರಿಗೆ

ಭಾನುವಾರ ಪುಣೆ ಹತ್ತಿರದ ರಾಜಗಡ ಕೋಟೆ ಹತ್ತಿ ಇಳಿದು ಬಂದಿದ್ದೆವು. ಸೋಮವಾರ ಸ್ವಲ್ಪ ಮೈಕೈ ನೋವು, ಅಷ್ಟೇ. ಮಂಗಳವಾರ ಬೆಳಿಗ್ಗೆ ಹಾಲು ತರಲು ಹೊರಟೆ. ಪುಣೆಯ ಕೋಥ್ರುಡ್‌ನ ನಮ್ಮ ಹಳೇ ಕಟ್ಟಡದಲ್ಲಿ ಲಿಫ್ಟ್ ಇಲ್ಲ, ನಾವಿರುವುದು ಮೂರನೇ ಮಹಡಿ. ಮೊದಲ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ತೊಡೆ ಹಿಡಿದುಕೊಂಡಿತು, ಮಂಡಿ ಮಡಚಲು ಆಗಲೇ ಇಲ್ಲ. ಕೊನೆಗೆ ಕಂಬಿ ಹಿಡಿದು, ಹಿಮ್ಮುಖವಾಗಿ ತಿರುಗಿ, ಏಣಿ ಇಳಿಯುವ ಹಾಗೆ ಒಂದೊಂದೇ ಮೆಟ್ಟಿಲು ಇಳಿದೆ. ವಿಚಿತ್ರ ಅಂದರೆ ಹಾಲು ತಗೊಂಡು ವಾಪಸ್ ಹತ್ತುವಾಗ ಅಷ್ಟೇನೂ ತೊಂದರೆ ಇರಲಿಲ್ಲ.

ಆಗ ನನಗೆ 59. ಹತ್ತುವಾಗ ನೋಯದ ಕಾಲು ಇಳಿಯುವಾಗ ಯಾಕೆ ಹೀಗೆ ನೋಯುತ್ತದೆ ಅನ್ನುವ ಪ್ರಶ್ನೆ ಅವತ್ತು ತಲೆಗೆ ಹೊಕ್ಕಿತು. ಅದರ ಉತ್ತರ ಹುಡುಕುತ್ತಾ ಹೋದ ಹಾಗೆ, ವಯಸ್ಸಾದ ಮೇಲೆ ಬೆಟ್ಟ ಹತ್ತುವವರು ತಿಳಿದುಕೊಳ್ಳಬೇಕಾದ ಮುಕ್ಕಾಲು ಪಾಲು ಸಂಗತಿ ಅದರಲ್ಲೇ ಇದೆ ಅಂತ ಗೊತ್ತಾಯಿತು.

ನಾನು ಧಾರವಾಡದವಳು, ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ನಮ್ಮದೊಂದು ಸಣ್ಣ ಗುಂಪಿದೆ. ಬೆಳಗಾವಿ, ಹುಬ್ಬಳ್ಳಿ, ಗದಗ ಕಡೆಯಿಂದ ಬಂದು ಇಲ್ಲೇ ನೆಲೆಸಿದವರು, ಬಹುತೇಕ ಎಲ್ಲರೂ ನಿವೃತ್ತರು. ದಿನಾ ಬೆಳಿಗ್ಗೆ ವೇತಾಳ ಟೇಕಡಿ ಅನ್ನುವ ಗುಡ್ಡದ ಮೇಲೆ ತಿರುಗಾಡುತ್ತಿದ್ದವರು ಮೆಲ್ಲಗೆ ಗಡಗಳ, ಅಂದರೆ ಬೆಟ್ಟದ ಕೋಟೆಗಳ ಕಡೆ ಹೊರಳಿದೆವು. ಹೊಸಬರು ಸೇರಿದಾಗಲೆಲ್ಲ ಕೇಳುವುದು ಒಂದೇ ಮಾತು: "ವೈನಿ, ನನಗೆ ಉಸಿರು ಹತ್ತುತ್ತೆ, ಆಗುತ್ತಾ?" ಎಲ್ಲರ ಭಯವೂ ಹತ್ತುವುದರ ಬಗ್ಗೆ. ಇಳಿಯುವುದರ ಬಗ್ಗೆ ಇವತ್ತಿನವರೆಗೂ ಯಾರೂ ಕೇಳಿಲ್ಲ. ಆದರೆ ಈ ನಾಲ್ಕು ವರ್ಷದಲ್ಲಿ ನಮ್ಮ ಗುಂಪಿನಲ್ಲಿ ಬಿದ್ದವರು, ಕಾಲು ಉಳುಕಿಸಿಕೊಂಡವರು, ಮಂಡಿ ಹಿಡಿದು ಕೂತವರು, ಒಬ್ಬರನ್ನು ಬಿಟ್ಟು ಎಲ್ಲರೂ ಇಳಿಯುವಾಗಲೇ.

ಯಾಕೆ ಅಂತ ಹೇಳುತ್ತೇನೆ. ಬಾವಿಯಿಂದ ನೀರು ಸೇದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತುಂಬಿದ ಕೊಡ ಮೇಲೆ ಎಳೆಯುವುದು ಒಂದು ಕೆಲಸ. ಅದೇ ತುಂಬಿದ ಕೊಡವನ್ನು ಕಲ್ಲಿಗೆ ತಾಗದ ಹಾಗೆ ಮೆಲ್ಲಗೆ ಕೆಳಗೆ ಬಿಡುವುದು ಬೇರೆಯೇ ಕೆಲಸ. ಎರಡನೆಯದರಲ್ಲಿ ಹಗ್ಗ ಕೈಯಿಂದ ಜಾರುತ್ತಿರುತ್ತದೆ, ನೀವು ಬಿಗಿ ಹಿಡಿಯುತ್ತಲೇ ಬಿಡುತ್ತಿರುತ್ತೀರಿ. ಏದುಸಿರು ಬರುವುದಿಲ್ಲ, ಆದರೆ ಅಂಗೈ ಸುಲಿಯುತ್ತದೆ. ಬೆಟ್ಟ ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗಿ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾ ಬಿಗಿ ಹಿಡಿದು ದೇಹದ ಭಾರಕ್ಕೆ ಬ್ರೇಕ್ ಹಾಕುತ್ತದೆ. ಹಿಗ್ಗುತ್ತಿರುವಾಗ ಭಾರ ಹೊತ್ತರೆ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳು ಆಗುತ್ತವೆ. ಆ ನೋವು ಕೂಡಲೇ ಬರುವುದಿಲ್ಲ, 24ರಿಂದ 72 ಗಂಟೆಯ ನಡುವೆ ಜೋರಾಗುತ್ತದೆ. ನನ್ನ ಮಂಗಳವಾರದ ಮೆಟ್ಟಿಲು ಇದೇ.

ನೋವು ಹೇಗಾದರೂ ಹೋಗುತ್ತದೆ, ನಾಲ್ಕೈದು ದಿನದಲ್ಲಿ. ಅಪಾಯ ಇರುವುದು ಬೇರೆ ಕಡೆ. ಇಳಿಯುತ್ತಿರುವಾಗಲೇ ಸ್ನಾಯುವಿನ ಬಲ ಕಡಿಮೆಯಾಗುತ್ತಾ ಹೋಗುತ್ತದೆ, ಆದರೆ ಉಸಿರು ಆರಾಮಾಗಿರುವುದರಿಂದ ನಮಗೆ ಅದು ಗೊತ್ತೇ ಆಗುವುದಿಲ್ಲ. ಹತ್ತುವಾಗ ಸುಸ್ತಾದರೆ ಎದೆ ಹೇಳುತ್ತದೆ, ನಿಲ್ಲು ಅಂತ. ಇಳಿಯುವಾಗ ಯಾರೂ ಹೇಳುವುದಿಲ್ಲ. ಮಾತಾಡಿಕೊಂಡು, ನಗುತ್ತಾ, ಊಟದ ವಿಚಾರ ಮಾಡುತ್ತಾ ಬರುತ್ತಿರುತ್ತೇವೆ, ಒಂದು ಎತ್ತರದ ಕಲ್ಲಿನಿಂದ ಕೆಳಗೆ ಕಾಲಿಟ್ಟಾಗ ಮಂಡಿ ಹಿಡಿಯದೆ ಕುಸಿದುಬಿಡುತ್ತದೆ. ನಿಂತಾಗ ತೊಡೆ ತಾನಾಗಿಯೇ ನಡುಗುತ್ತಿದ್ದರೆ ಅದು ಹೆದರಿಕೆಯಿಂದ ಬಂದ ನಡುಕ ಅಲ್ಲ, ಸ್ನಾಯು ಸೋತಿದೆ ಅಂತ ಅರ್ಥ. ಅಲ್ಲೇ ಹತ್ತು ನಿಮಿಷ ಕೂತುಬಿಡಿ.

ವಯಸ್ಸು ಇಲ್ಲಿ ಹೇಗೆ ಸೇರಿಕೊಳ್ಳುತ್ತದೆ ನೋಡಿ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಎಲ್ಲಾ ಎಳೆಗಳೂ ಒಂದೇ ಸಮನಾಗಿ ಹೋಗುವುದಿಲ್ಲ. ನಿಧಾನವಾಗಿ, ತುಂಬಾ ಹೊತ್ತು ದುಡಿಯುವ ಎಳೆಗಳು ಹೆಚ್ಚು ಉಳಿಯುತ್ತವೆ, ಆದ್ದರಿಂದಲೇ ಎಪ್ಪತ್ತರ ಅಜ್ಜ ಹತ್ತು ಕಿಲೋಮೀಟರ್ ಸಮತಟ್ಟಿನ ದಾರಿ ಆರಾಮಾಗಿ ನಡೆಯಬಲ್ಲ. ಥಟ್ಟನೆ ಬಲ ಕೊಡುವ ಎಳೆಗಳು ಮೊದಲು ಸೊರಗುತ್ತವೆ. ಕಾಲು ಜಾರಿದಾಗ ಅರೆಕ್ಷಣದಲ್ಲಿ ದೇಹವನ್ನು ಹಿಡಿದು ನಿಲ್ಲಿಸುವುದು ಅವೇ. ಅಂದರೆ ನಮ್ಮ ದಿನದ ವಾಕಿಂಗ್ ಎಷ್ಟೇ ಇರಲಿ, ಅದು ಇಳಿಜಾರಿಗೆ ತಯಾರಿ ಅಲ್ಲ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ, ಯಾಕೆಂದರೆ "ನಾನು ದಿನಾ ಐದು ಕಿಲೋಮೀಟರ್ ನಡೀತೀನಿ, ನನಗೇನೂ ಆಗಲ್ಲ" ಅಂದವರೇ ಹೆಚ್ಚು ತೊಂದರೆ ಪಟ್ಟದ್ದನ್ನು ಕಂಡಿದ್ದೇನೆ.

ಸಂತೋಷದ ಸುದ್ದಿಯೂ ಇದೆ. ಹೋದ ಬಲ ಬಹಳ ಮಟ್ಟಿಗೆ ವಾಪಸ್ ಬರುತ್ತದೆ. 1990ರಲ್ಲಿ ಪ್ರಕಟವಾದ ಬಾಸ್ಟನ್‌ನ ಒಂದು ಅಧ್ಯಯನದಲ್ಲಿ, ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ ತೊಂಬತ್ತು ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಒಂಬತ್ತು ಜನ ಪೂರ್ತಿ ಮಾಡಿದರು, ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ! ನಾವಿನ್ನೂ ಅರವತ್ತರ ಆಚೀಚೆ ಇರುವವರು, ಅಲ್ವಾ.

ಇನ್ನೊಂದು ಅದಕ್ಕಿಂತಲೂ ಉಪಯೋಗದ ಸಂಗತಿ. ಸ್ನಾಯು ಒಮ್ಮೆ ಇಳಿಜಾರಿನ ಪೆಟ್ಟು ತಿಂದರೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮೊದಲ ಸಲ ಆದಷ್ಟು ಹಾನಿ ಎರಡನೇ ಸಲ ಆಗುವುದಿಲ್ಲ, ಈ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಹಾಗಾಗಿ ದೊಡ್ಡ ಗಡಕ್ಕೆ ಹೋಗುವ ಒಂದೆರಡು ವಾರ ಮೊದಲು ಸಣ್ಣದೊಂದು ಬೆಟ್ಟ ಹತ್ತಿ ನಿಧಾನಕ್ಕೆ ಇಳಿದು ಬಂದರೆ ಸಾಕು, ಅರ್ಧ ಯುದ್ಧ ಗೆದ್ದ ಹಾಗೆ. ಆರು ತಿಂಗಳು ಬೆಟ್ಟದ ಮುಖ ನೋಡದೆ ನೇರ ರಾಜಗಡಕ್ಕೆ ಹೋದದ್ದೇ ನಾನು ಮಾಡಿದ ತಪ್ಪು.

ಪುಣೆಯವರಿಗೆ ಇದಕ್ಕೆ ಊರೊಳಗಿನ ಪರ್ವತಿ ಗುಡ್ಡ ಇದೆ. ನೂರಾಮೂರು ಮೆಟ್ಟಿಲು, ಅಗಲವಾದ ಕಲ್ಲಿನ ಮೆಟ್ಟಿಲು. ಪೇಶ್ವೆಗಳ ಕಾಲದ್ದು. ಬೆಳಿಗ್ಗೆ ಆರಕ್ಕೆ ಹೋದರೆ ಅಲ್ಲಿ ಎಪ್ಪತ್ತು ದಾಟಿದವರೂ ಐದೈದು ಸುತ್ತು ಹತ್ತಿ ಇಳಿಯುತ್ತಿರುತ್ತಾರೆ. ನಾವು ಮಾಡುವುದು ಹೀಗೆ: ಹತ್ತುವಾಗ ನಮ್ಮ ಸಹಜ ವೇಗ, ಇಳಿಯುವಾಗ ಬೇಕಂತಲೇ ನಿಧಾನ. ಒಂದು ಕಾಲು ಕೆಳಗಿನ ಮೆಟ್ಟಿಲು ಮುಟ್ಟುವ ತನಕ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಬೇಕು, ದೊಪ್ಪನೆ ಬೀಳಬಾರದು. ಮೊದಲ ವಾರ ಎರಡು ಸುತ್ತು, ವಾರಕ್ಕೆ ಮೂರು ದಿನ ಸಾಕು. ಎರಡು ತಿಂಗಳಲ್ಲಿ ಐದಾರು ಸುತ್ತಿಗೆ ಬನ್ನಿ. ಆಮೇಲೆ ಬೆನ್ನಿಗೆ ಎರಡು ಲೀಟರ್ ನೀರಿನ ಚೀಲ ಹಾಕಿಕೊಂಡು ಅಷ್ಟೇ ಮಾಡಿ.

ಮನೆಯಲ್ಲಿ ಮಾಡುವಂಥದ್ದೂ ಇದೆ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವಾಗ ಮೂರು ಎಣಿಸುತ್ತಾ ಕೂರುವುದು. ಹಲ್ಲುಜ್ಜುವಾಗ ಒಂದೇ ಕಾಲಿನ ಮೇಲೆ ನಿಲ್ಲುವುದು. ಮೊದಲು ಗೋಡೆಗೆ ಒಂದು ಬೆರಳು ತಾಗಿಸಿಕೊಂಡಿರಿ. ನಮ್ಮ ಸಮತೋಲನ ಮೂರು ಕಡೆಯಿಂದ ಬರುತ್ತದೆ: ಕಣ್ಣು, ಒಳಗಿವಿ, ಮತ್ತು ಅಂಗಾಲು-ಕೀಲುಗಳಿಂದ ಮಿದುಳಿಗೆ ಹೋಗುವ ಸುದ್ದಿ. ವಯಸ್ಸಾದಂತೆ ಮೂರೂ ಸ್ವಲ್ಪ ಸ್ವಲ್ಪ ಮಂದವಾಗುತ್ತವೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅಂಗಾಲಿನ ಸುದ್ದಿ ಇನ್ನೂ ಮಂದ. ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲಲಾಗದಿದ್ದರೆ ಕಡಿದಾದ ಗಡದ ಯೋಚನೆ ಸದ್ಯಕ್ಕೆ ಬಿಟ್ಟು, ಮೊದಲು ಇದನ್ನೇ ಅಭ್ಯಾಸ ಮಾಡಿ.

ಕನ್ನಡಕದ ಮಾತು ಬಂತು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಬಹಳ ಜನರದ್ದು ಮೇಲೆ ದೂರಕ್ಕೆ, ಕೆಳಗೆ ಓದುವುದಕ್ಕೆ ಇರುವ ಗಾಜು. ಇಳಿಯುವಾಗ ನಾವು ನೋಡುವುದು ಕೆಳಗೆ, ಅಂದರೆ ಓದುವ ಗಾಜಿನ ಮೂಲಕ. ಅದು ಒಂದು ಒಂದೂವರೆ ಅಡಿ ದೂರದ ಪುಸ್ತಕಕ್ಕೆ ಮಾಡಿದ್ದು, ಐದಡಿ ಕೆಳಗಿನ ಕಲ್ಲಿಗಲ್ಲ. ಕಲ್ಲಿನ ಅಂಚು ಮಸುಕಾಗುತ್ತದೆ, ಮೆಟ್ಟಿಲ ಆಳ ತಪ್ಪು ಕಾಣುತ್ತದೆ. ನಾನು ಲೋಹಗಡದ ಮೆಟ್ಟಿಲ ಮೇಲೆ ಎರಡು ಸಲ ಮುಗ್ಗರಿಸಿದ ಮೇಲೆ ಕಣ್ಣಿನ ಡಾಕ್ಟರನ್ನು ಕೇಳಿದೆ. ಬರೀ ದೂರದ ನಂಬರಿನ ಒಂದು ಸಾದಾ ಕನ್ನಡಕ ಮಾಡಿಸಿಕೊಳ್ಳಿ ಅಂದರು. ಈಗ ಅದು ಬೆಟ್ಟದ ಕನ್ನಡಕ, ಹಿಂದಿನಿಂದ ಒಂದು ದಾರ ಕಟ್ಟಿದ್ದೇನೆ.

ಮಂಡಿಯ ವಿಚಾರ. "ಮಂಡಿ ಸವೆದಿದೆ, ಇನ್ನು ಬೆಟ್ಟ ಬೇಡ" ಅಂತ ಮನೆಯವರೇ ತಡೆಯುತ್ತಾರೆ. ಸವೆತ ಇದ್ದರೂ ತೊಡೆಯ ಬಲ ಹೆಚ್ಚಿಸುವ ವ್ಯಾಯಾಮ ಮಂಡಿಗೆ ಒಳ್ಳೆಯದೇ. ಆದರೆ ಮಂಡಿ ಬಾತುಕೊಳ್ಳುತ್ತಿದ್ದರೆ, ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಡಾಕ್ಟರಿಗೆ ತೋರಿಸದೆ ಹೋಗಬೇಡಿ. ಇಳಿಯುವಾಗ ಮಂಡಿಚಿಪ್ಪಿನ ಹಿಂದೆ ಒತ್ತಡ ಜಾಸ್ತಿ, ಹೆಜ್ಜೆ ಉದ್ದವಾದಷ್ಟೂ ಒತ್ತಡ ಹೆಚ್ಚು. ಸಣ್ಣ ಸಣ್ಣ ಹೆಜ್ಜೆ ಇಡಿ, ಮಂಡಿ ಸ್ವಲ್ಪ ಬಾಗಿರಲಿ, ಎತ್ತರದ ಕಲ್ಲಿದ್ದರೆ ಪಕ್ಕಕ್ಕೆ ತಿರುಗಿ ಇಳಿಯಿರಿ. ಕೂತು ಇಳಿಯುವುದರಲ್ಲೂ ಅವಮಾನವೇನಿಲ್ಲ.

ಕೋಲು ಎರಡಿರಲಿ. ಕೋಲಿನ ಮೇಲೆ ಭಾರ ಹಾಕಿದಷ್ಟೂ ಮಂಡಿಯ ಭಾರ ಇಳಿಯುತ್ತದೆ. ಸಮತಟ್ಟಿನಲ್ಲಿ ಮೊಣಕೈ ಲಂಬ ಕೋನಕ್ಕೆ (90 ಡಿಗ್ರಿ) ಬರುವಷ್ಟು ಉದ್ದ ಇಟ್ಟು, ಇಳಿಯುವಾಗ 5ರಿಂದ 10 ಸೆಂಟಿಮೀಟರ್ ಉದ್ದ ಮಾಡಿ. ಮೊದಲು ಕೋಲು ಕೆಳಗೆ ಊರಬೇಕು, ಆಮೇಲೆ ಕಾಲು. ಕಾಲಿಟ್ಟ ಮೇಲೆ ಕೋಲು ಊರಿದರೆ ಏನೂ ಪ್ರಯೋಜನವಿಲ್ಲ, ಆದರೆ ಮುಕ್ಕಾಲು ಜನ ಮಾಡುವುದು ಹಾಗೇ. ಕಂಬಿ ಹಿಡಿದು ಇಳಿಯಬೇಕಾದ ಬಂಡೆ ಬಂದರೆ ಕೋಲು ಮಡಚಿ ಚೀಲಕ್ಕೆ ಹಾಕಿ, ಎರಡೂ ಕೈ ಖಾಲಿ ಇರಲಿ.

ಸಹ್ಯಾದ್ರಿಯ ನೆಲದ ಗುಣವೂ ಗೊತ್ತಿರಬೇಕು. ಇದು ಕೋಟಿಗಟ್ಟಲೆ ವರ್ಷದ ಹಿಂದೆ ಲಾವಾ ಹರಿದು ಪದರ ಪದರವಾಗಿ ಗಟ್ಟಿಯಾದ ಕಪ್ಪು ಕಲ್ಲು. ಮಳೆಗಾಲದಲ್ಲಿ ಪಾಚಿ ಕಟ್ಟಿ ಸಾಬೂನಿನ ಹಾಗೆ ಜಾರುತ್ತದೆ. ದೀಪಾವಳಿ ಕಳೆದ ಮೇಲೆ ಬೇರೆ ಕಷ್ಟ: ಹುಲ್ಲು ಒಣಗಿ, ಮಣ್ಣಿನ ಮೇಲೆ ಸಡಿಲ ಗರಸು ಕೂತಿರುತ್ತದೆ, ಗೋಲಿ ಹರವಿದ ಹಾಗೆ. ಇಂಥ ಕಡೆ ಹೆದರಿ ಹಿಂದಕ್ಕೆ ವಾಲುತ್ತೇವೆ, ಅದೇ ತಪ್ಪು. ಹಿಂದೆ ವಾಲಿದರೆ ಭಾರ ಹಿಮ್ಮಡಿಗೆ ಬಂದು ಕಾಲು ಮುಂದೆ ಜಾರುತ್ತದೆ, ಕೈ ಊರಲು ಹೋಗಿ ಮಣಿಕಟ್ಟು ಮುರಿಯುತ್ತದೆ. ಮೈ ಸ್ವಲ್ಪ ಮುಂದಿರಲಿ, ಭಾರ ಪಾದದ ನಡುವೆ ಬೀಳಲಿ.

ಈಗ ಬೂಟಿನ ಕಥೆ. ಅದೇ ರಾಜಗಡದ ದಿನದ್ದು. ನಾನು ಒಂಬತ್ತು ವರ್ಷದ ಹಿಂದೆ ಹಿಮಾಚಲ ಪ್ರವಾಸಕ್ಕೆಂದು ಕೊಂಡ ಬೂಟು ಅಟ್ಟದ ಮೇಲಿತ್ತು. ಎರಡೇ ಸಲ ಹಾಕಿದ್ದು, ನೋಡಲು ಹೊಸದರ ಹಾಗೇ ಇತ್ತು, ಒರೆಸಿ ಹಾಕಿಕೊಂಡೆ. ಹತ್ತುವಾಗ ಏನೂ ಆಗಲಿಲ್ಲ. ಗಡದ ಮೇಲಿನ ಸಮತಟ್ಟು ಜಾಗ ಪದ್ಮಾವತಿ ಮಾಚಿಯಲ್ಲಿ ರೊಟ್ಟಿ ತಿಂದು, ಕೆಳಗಿನ ಗುಂಜವಣೆ ಊರಿನ ಕಡೆಗೆ ಚೋರ ದರವಾಜಾ ಅನ್ನುವ ಬಾಗಿಲು ದಾಟಿ ಕಂಬಿ ಹಿಡಿದು ಇಳಿಯುತ್ತಿದ್ದಾಗ ಬಲಗಾಲಿನ ಹಿಮ್ಮಡಿ ಯಾಕೋ ಮೆತ್ತಗೆ ಅನ್ನಿಸಿತು. ತಿರುಗಿ ನೋಡಿದರೆ ನಾನು ಬಂದ ದಾರಿಯ ಕಲ್ಲುಗಳ ಮೇಲೆ ಬೂದು ಬಣ್ಣದ ಪುಡಿ, ಖಟಕ ರೊಟ್ಟಿ ಮುರಿದು ಉದುರಿಸಿದ ಹಾಗೆ. ಇನ್ನು ಹತ್ತು ಹೆಜ್ಜೆಗೆ ಅಡಿ ಪೂರ್ತಿ ಬಾಯಿ ಬಿಟ್ಟಿತು. ಕಾಲು ಎತ್ತಿದರೆ ಪಟ್ ಪಟ್ ಅಂತ ಬಡಿಯುವುದು.

ಚೀಲದಲ್ಲಿದ್ದ ಬಟ್ಟೆ ಸಂಚಿಯ ಲಾಡಿ ಎಳೆದು ಬೂಟಿಗೆ ಸುತ್ತಿ ಕಟ್ಟಿದೆ. ಕಲ್ಲಿಗೆ ಉಜ್ಜಿ ಇಪ್ಪತ್ತು ನಿಮಿಷದಲ್ಲಿ ಲಾಡಿ ಹರಿಯಿತು. ಕೆಳಗೆ ಮಜ್ಜಿಗೆ, ಲಿಂಬು ಶರಬತ್ತು ಮಾರುತ್ತಿದ್ದ ಹೆಂಗಸು ನೋಡಿ, "ಮಾವಶಿ, ಥಾಂಬಾ" (ಚಿಕ್ಕಮ್ಮ, ನಿಲ್ಲಿ) ಅಂತ ಕೂರಿಸಿ, ತನ್ನ ಗೋಣಿಚೀಲದ ಸುತಳಿ ಬಿಚ್ಚಿ ಎಂಟರಾಕಾರದಲ್ಲಿ ಪಾದಕ್ಕೂ ಬೂಟಿಗೂ ಸೇರಿಸಿ ಬಿಗಿದು ಕೊಟ್ಟಳು. ದುಡ್ಡು ಕೊಡಲು ಹೋದರೆ ಮಜ್ಜಿಗೆಯದ್ದು ಮಾತ್ರ ತಗೊಂಡಳು. ಅರ್ಧ ಗಂಟೆಯಲ್ಲಿ ಎಡಗಾಲಿನ ಅಡಿಯೂ ಕಳಚಿತು. ಆ ಸುತಳಿ ಇರದಿದ್ದರೆ ಅವತ್ತು ಬರಿಗಾಲಲ್ಲೇ ಇಳಿಯಬೇಕಿತ್ತು.

ಇದು ಹೊಲಿಗೆ, ಅಂಟಿನ ದೋಷ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಬಹಳಷ್ಟು ಬೆಟ್ಟದ ಬೂಟುಗಳಲ್ಲಿ ಹೊರಗಿನ ರಬ್ಬರಿಗೂ ಮೇಲಿನ ಚರ್ಮಕ್ಕೂ ನಡುವೆ ಪಾಲಿಯುರೆಥೇನ್ ಅನ್ನುವ ಮೆತ್ತನೆ ಪದರ ಇರುತ್ತದೆ. ಗಾಳಿಯ ತೇವ ಆ ಪದರದ ಅಣುಗಳ ಕೊಂಡಿಯನ್ನು ಮೆಲ್ಲಗೆ ಬಿಡಿಸುತ್ತಾ ಹೋಗುತ್ತದೆ. ಹಾಕದೆ ಇಟ್ಟರೂ ಅದು ನಿಲ್ಲುವುದಿಲ್ಲ, ಮುಚ್ಚಿದ ಡಬ್ಬಿಯಲ್ಲಿ, ಬಿಸಿಯಲ್ಲಿ ಇನ್ನೂ ಜಾಸ್ತಿ. ಪುಣೆ, ಮುಂಬೈ, ಗೋವಾದ ನಾಲ್ಕು ತಿಂಗಳ ಮಳೆಗಾಲ ಬೇರೆ. ಆದ್ದರಿಂದ ಹಳೇ ಬೂಟು ತೆಗೆದರೆ ಮೊದಲು ಹೆಬ್ಬೆರಳಿನಿಂದ ನಡುಪದರ ಒತ್ತಿ ನೋಡಿ, ಬೂಟನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ ಅದು ಮುಗಿಯಿತು. ಚೆನ್ನಾಗಿ ಕಂಡರೂ ಟೇಕಡಿಯ ಮೇಲೆ ಎರಡು ದಿನ ತಿರುಗಾಡಿಯೇ ಗಡಕ್ಕೆ ಒಯ್ಯಿರಿ. ಹೊಸದು ಕೊಳ್ಳುವಾಗ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ಹೆಬ್ಬೆರಳಿನ ಮುಂದೆ ಜಾಗ ಬಿಡಿ, ಇಲ್ಲದಿದ್ದರೆ ಇಳಿಯುವಾಗ ಬೆರಳು ಬಡಿದು ಉಗುರು ಕಪ್ಪಾಗುತ್ತದೆ. ಮೂರು ಮೀಟರ್ ಸುತಳಿ ಈಗ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ.

ಸಮಯದ ಲೆಕ್ಕ ಹೇಗೆ ಹಾಕುವುದು? ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಒಂದು ಲೆಕ್ಕವನ್ನು ಇವತ್ತಿಗೂ ಬಳಸುತ್ತಾರೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೆಟ್ಟದ ಬುಡದ ಆತಕರವಾಡಿಯಿಂದ ಸಿಂಹಗಡಕ್ಕೆ ಮೂರು ಕಿಲೋಮೀಟರ್ ಹಿಡಿಯಿರಿ, ಏರು ಸುಮಾರು 600 ಮೀಟರ್. 36 ನಿಮಿಷ ಮತ್ತು 60 ನಿಮಿಷ, ಒಟ್ಟು ಒಂದು ಗಂಟೆ 36 ನಿಮಿಷ. ಇದು ಗಟ್ಟಿಮುಟ್ಟಾದವರ ಲೆಕ್ಕ, ಕೂತು ಸುಧಾರಿಸಿಕೊಳ್ಳುವುದು ಇದರಲ್ಲಿ ಸೇರಿಲ್ಲ. ನಮಗೆ ಎರಡೂಕಾಲು ಗಂಟೆ ಬೇಕಾಗುತ್ತದೆ.

ಗಮನಿಸಿ, ಈ ಲೆಕ್ಕದಲ್ಲಿ ಇಳಿಯುವುದಕ್ಕೆ ಜಾಗವೇ ಇಲ್ಲ. ಆಮೇಲೆ ಲ್ಯಾಂಗ್‌ಮ್ಯೂರ್ ಅನ್ನುವವರು ಅದನ್ನು ತಿದ್ದಿದರು: ಸಾಧಾರಣ ಇಳಿಜಾರಾದರೆ ಪ್ರತಿ 300 ಮೀಟರಿಗೆ 10 ನಿಮಿಷ ಕಳೆಯಿರಿ, ಕಡಿದಾಗಿದ್ದರೆ 10 ನಿಮಿಷ ಕೂಡಿಸಿ. ನಮ್ಮ ಸಹ್ಯಾದ್ರಿಯ ಹೆಚ್ಚಿನ ದಾರಿ ಕಡಿದಾದದ್ದೇ. ನಮ್ಮ ಗುಂಪಿನ ಪದ್ಧತಿ ಇನ್ನೂ ಸರಳ. ಹತ್ತಲು ಎಷ್ಟು ಹೊತ್ತಾಯಿತೋ ಇಳಿಯಲೂ ಅಷ್ಟೇ ಇಟ್ಟುಕೊಳ್ಳುತ್ತೇವೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ, ಆದ್ದರಿಂದ ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ತಿರುಗುವುದು, ತುದಿ ಕಣ್ಣೆದುರಿಗೇ ಇದ್ದರೂ. ತೋರಣಾದಲ್ಲಿ ಒಮ್ಮೆ ಹೀಗೆ ತಿರುಗಿದೆವು, ಬಾಗಿಲಿನಿಂದ ಇಪ್ಪತ್ತು ನಿಮಿಷ ಕೆಳಗೆ. ಬೇಜಾರಾಯಿತು ನಿಜ. ಆದರೆ ಸೋತ ತೊಡೆಯಲ್ಲಿ, ಕತ್ತಲಲ್ಲಿ, ಗರಸಿನ ಮೇಲೆ ಇಳಿಯುವುದಕ್ಕಿಂತ ಎಷ್ಟೋ ವಾಸಿ. ಹೆಡ್‌ಲ್ಯಾಂಪ್ ಮಾತ್ರ ಹಗಲಿನ ನಡಿಗೆಗೂ ಚೀಲದಲ್ಲಿರಲಿ, ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು.

ಎದೆಯ ವಿಚಾರಕ್ಕೆ ಬರುತ್ತೇನೆ, ಹತ್ತುವುದರಲ್ಲಿ ನಿಜವಾಗಿ ಹೆದರಬೇಕಾದದ್ದು ಇದೊಂದೇ. ಐವತ್ತು ದಾಟಿದವರು, ಅದರಲ್ಲೂ ಬಿಪಿ, ಸಕ್ಕರೆ, ಮನೆತನದಲ್ಲಿ ಹೃದ್ರೋಗ ಇದ್ದವರು, ಶುರುಮಾಡುವ ಮೊದಲು ಡಾಕ್ಟರನ್ನು ಕಂಡು ಟಿಎಂಟಿ (ಟ್ರೆಡ್ ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ) ಬೇಕಾ ಅಂತ ಕೇಳಿ. ದಾರಿಯಲ್ಲಿ ಸುಲಭದ ಅಳತೆ ಮಾತು. ಪೂರ್ತಿ ವಾಕ್ಯ ಆಡಲು ಬರುತ್ತಿದ್ದರೆ ವೇಗ ಸರಿ ಇದೆ, ಎರಡು ಶಬ್ದಕ್ಕೆ ಉಸಿರು ಎಳೆಯುತ್ತಿದ್ದರೆ ನಿಧಾನಿಸಿ. ಕೈಗಡಿಯಾರದ ನಾಡಿ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ನಾಡಿ ಏರಲು ಬಿಡುವುದೇ ಇಲ್ಲ, ಆಗ ಗಡಿಯಾರ 110 ತೋರಿಸುತ್ತಿದ್ದರೂ ನೀವು ಪೂರ್ತಿ ದಣಿದಿರಬಹುದು. ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು ಬಂದರೆ ಅಲ್ಲಿಗೆ ನಿಲ್ಲಿಸಿ. ಹೆಂಗಸರಲ್ಲಿ, ಸಕ್ಕರೆ ಇದ್ದವರಲ್ಲಿ ಎದೆ ನೋವೇ ಇಲ್ಲದೆ ಬರೀ ವಾಕರಿಕೆ, ತಣ್ಣನೆ ಬೆವರು, ಅಸಹಜ ಸುಸ್ತು ಮಾತ್ರ ಬರಬಹುದು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮುಂದೆ ಹೋಗಬೇಡಿ. 112 ಅಥವಾ 108ಕ್ಕೆ ಫೋನ್ ಮಾಡಿ.

ನೀರು. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆಯಾಗುತ್ತದೆ, ಅಂದರೆ ಬಾಯಾರಿದಾಗ ಕುಡಿಯುತ್ತೇನೆ ಅನ್ನುವ ಲೆಕ್ಕ ನಮಗೆ ನಡೆಯುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತಗೊಳ್ಳುವವರು ನಡಿಗೆಯ ದಿನ ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ, ತಾವಾಗಿಯೇ ಬಿಡಬೇಡಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಉಪ್ಪು ತೆಳುವಾಗಿ ತಲೆನೋವು, ಗೊಂದಲ ಬರುತ್ತದೆ, ಹಾಗಾಗಿ ನಡುವೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ. ಪೊಟ್ಟಣದ ಮೇಲೆ ಒಂದು ಲೀಟರ್ ಅಂತ ಬರೆದಿದ್ದರೆ ಒಂದೇ ಲೀಟರಿಗೆ ಹಾಕಿ.

ಮೊದಲು ಹೇಳಿದೆನಲ್ಲ, ಒಬ್ಬರನ್ನು ಬಿಟ್ಟು ಅಂತ. ಅದು ನಮ್ಮ ಹುಬ್ಬಳ್ಳಿ ಕಾಕಾ, ವಯಸ್ಸು 66, ಸಕ್ಕರೆಗೆ ಮಾತ್ರೆ. ಲೋಹಗಡಕ್ಕೆ ಹೊರಟ ದಿನ ಮಳವಲಿಗೆ ಹೋಗುವ ಲೋಕಲ್ ತಪ್ಪಬಾರದು ಅಂತ ಮಾತ್ರೆ ತಗೊಂಡು ತಿಂಡಿ ಬಿಟ್ಟು ಬಂದಿದ್ದರು. ಗಣೇಶ ದರವಾಜಾದ ಹತ್ತಿರ ಸುಮ್ನೆ ಸಿಟ್ಟಾಗತೊಡಗಿದರು. ಜೋರಾಗಿ ಮಾತಾಡುವವರೇ ಅಲ್ಲ ಅವರು. ಹಣೆ ತುಂಬ ಬೆವರು, ಕೈ ನಡುಕ, ಮಾತು ತೊದಲು. ನಮ್ಮ ಬೆಳಗಾವಿ ವೈನಿ ನರ್ಸ್ ಆಗಿದ್ದವರು, ಕಂಡ ಕೂಡಲೇ, "ಕಾಕಾ, ಕೂಡ್ರಿ, ಮಾತು ಬ್ಯಾಡ" ಅಂತ ಕೂರಿಸಿದರು. ನಾನು ಶೇಂಗಾ ಉಂಡೆ ತೆಗೆದೆ, ಅವರು ತಡೆದರು. ಶೇಂಗಾದಲ್ಲಿ ಎಣ್ಣೆ ಜಾಸ್ತಿ, ಅದರ ಸಿಹಿ ರಕ್ತಕ್ಕೆ ಸೇರುವುದು ನಿಧಾನ. ಮೊದಲು ಮೂರು ಚಮಚ ಗ್ಲೂಕೋಸ್ ಪುಡಿ ನೀರಿಗೆ ಕಲಸಿ ಕುಡಿಸಿದರು, ಹದಿನೈದು ನಿಮಿಷ ಕಾದರು. ಕಾಕಾ ಮೆಲ್ಲಗೆ "ಯಾಕ, ಏನಾತು?" ಅಂದಾಗಲೇ ನಮಗೆಲ್ಲ ಜೀವ ಬಂತು. ಆಮೇಲೆ ರೊಟ್ಟಿ, ಉಂಡೆ ಕೊಟ್ಟರು. ಕೆಲವು ಮಾತ್ರೆ ಮತ್ತು ಇನ್ಸುಲಿನ್ ತಗೊಳ್ಳುವವರಿಗೆ ನಡಿಗೆ ಮುಗಿದು ಎಷ್ಟೋ ಗಂಟೆಯ ನಂತರ, ರಾತ್ರಿಯೂ ಸಕ್ಕರೆ ಇಳಿಯಬಹುದು. ಅವರ ಜೊತೆ ಮಲಗುವವರಿಗೂ ಇದು ಗೊತ್ತಿರಲಿ. ಗ್ಲೂಕೋಸ್ ಚೀಲದ ಯಾವ ಜೇಬಿನಲ್ಲಿದೆ ಅನ್ನುವುದು ಗುಂಪಿನ ಎಲ್ಲರಿಗೂ ಗೊತ್ತಿರಬೇಕು, ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು.

ಕಾಲು ಉಳುಕಿದರೆ ದಾರಿಯಲ್ಲಿ ಬೂಟು ಬಿಚ್ಚಬೇಡಿ. ಬಾವು ಬಂದು ಮತ್ತೆ ಹಾಕಲು ಆಗುವುದಿಲ್ಲ. ಲೇಸ್ ಬಿಗಿದು ಹತ್ತು ನಿಮಿಷ ಕೂತು ನೋಡಿ. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಪಾದದ ಗಂಟಿನ ಎಲುಬಿನ ಹಿಂಭಾಗ ಒತ್ತಿದಾಗ ಜೀವ ಹೋಗುವಷ್ಟು ನೋವಿದ್ದರೆ ಮುರಿದಿರಬಹುದು, ಎಕ್ಸ್‌ರೇ ಬೇಕೇ ಬೇಕು. ಮುಟ್ಟು ನಿಂತ ಹೆಂಗಸರ ಎಲುಬು ತೆಳುವಾಗಿರುತ್ತದೆ, ನಮಗೆ ಸಣ್ಣ ಬೀಳುವಿಕೆಯೂ ಸಣ್ಣದಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರ ತಲೆಗೆ ಪೆಟ್ಟಾದರೆ, ಎದ್ದು ನಗುತ್ತಾ ಮಾತಾಡಿದರೂ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗಿನ ರಕ್ತಸ್ರಾವ ಗೊತ್ತಾಗಲು ಹೊತ್ತು ಹಿಡಿಯುತ್ತದೆ.

ಹೆಜ್ಜೇನಿನ ಬಗ್ಗೆ ಒಂದು ಮಾತು. ಗಡಗಳ ಕಡಿದಾದ ಗೋಡೆಗಳಲ್ಲಿ ಗೂಡು ಇರುತ್ತವೆ. ಸೆಂಟ್ ಹಾಕಿಕೊಳ್ಳಬೇಡಿ, ಹೊಗೆ ಎಬ್ಬಿಸಬೇಡಿ, ಕೂಗಾಡಬೇಡಿ. ಎದ್ದರೆ ಮುಖ ಮುಚ್ಚಿಕೊಂಡು ಆ ಜಾಗ ಬಿಟ್ಟು ದೂರ ಹೋಗುವುದೊಂದೇ ದಾರಿ. ಎತ್ತರದ ಕಾಯಿಲೆ ಬರುತ್ತಾ ಅಂತಲೂ ಕೇಳುತ್ತಾರೆ. ಅದು ಸಾಮಾನ್ಯವಾಗಿ 2,500 ಮೀಟರ್ ಮೇಲೆ ಶುರು, ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿಯೇ 1,646 ಮೀಟರ್. ಆ ಚಿಂತೆ ಬಿಡಿ.

ರಾಜಗಡಕ್ಕೆ ನಾವು ಮುಂದಿನ ಚಳಿಗಾಲದಲ್ಲಿ ಮತ್ತೆ ಹೋದೆವು. ಮೂರು ತಿಂಗಳು ಪರ್ವತಿ, ಎರಡು ವಾರ ಮೊದಲು ಒಮ್ಮೆ ಸಿಂಹಗಡ. ಈ ಸಲ ಮೆಟ್ಟಿಲು ಇರುವ ಪಾಲಿ ದರವಾಜಾದ ದಾರಿ ಹಿಡಿದೆವು, ಅರ್ಧ ಗಂಟೆಗೊಮ್ಮೆ ಕೂತೆವು, ಹತ್ತಿದಷ್ಟೇ ಹೊತ್ತು ತಗೊಂಡು ಇಳಿದೆವು. ಅದೂ ಭಾನುವಾರವೇ. ಮಂಗಳವಾರ ಬೆಳಿಗ್ಗೆ ಕೆಳಗಿನ ಮನೆಯ ವೈನಿ ಬಾಗಿಲಲ್ಲಿ ಮಾತಿಗೆ ನಿಲ್ಲಿಸಿ, ಗಡಕ್ಕೆ ಹೋಗಿದ್ದಿರಂತೆ, ಕಾಲು ಹೇಗಿದೆ ಅಂದರು. ಆಗಲೇ ನೋಡಿಕೊಂಡೆ. ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದರಲ್ಲಿ ಕಸದ ಬುಟ್ಟಿ, ಕಂಬಿ ಮುಟ್ಟದೆ ಎರಡು ಮಹಡಿ ಇಳಿದು ಬಂದಿದ್ದೆ.